ರೆಡಿಂಗ್ ಥೇಮ್ಸ್ ಊರಾ, ಕೆನೆಟ್ ಊರಾ? ಹಳಬರ ನೆನಪುಗಳಿದ್ದರೆ ಹಾಕಿ

ಬೇಲಿ ಪಕ್ಕದವ:
ನಮಸ್ಕಾರ ಎಲ್ಲರಿಗೂ. ನಾವು ಇಂಗ್ಲೆಂಡಿನ ರೆಡಿಂಗ್ ಊರಿನ ಕ್ಯಾವರ್‌ಶಮ್‌ನಲ್ಲಿ, ಥೇಮ್ಸ್ ನದಿಯ ಉತ್ತರ ದಡದಲ್ಲಿ, ಮನೆ ಮಾಡಿ ಕೆಲವು ವರ್ಷ ಆಯಿತು. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದಾರೆ. ಹುಟ್ಟಿದ್ದು, ಬೆಳೆದದ್ದು, ಮದುವೆ ಆದದ್ದು ಎಲ್ಲ ಇಲ್ಲೇ. ಬೇಲಿ ಹತ್ತಿರ ಮಾತಿಗೆ ನಿಂತರೆ ನನ್ನ ಚಹಾ ಆರಿ ಹೋಗುತ್ತದೆ, ಅವರ ಕತೆ ಮುಗಿಯುವುದಿಲ್ಲ.

ಮೊನ್ನೆ ಹೇಳಿದರು: ಚಿಕ್ಕವರಿದ್ದಾಗ ಗಾಳಿ ಯಾವ ಕಡೆಯಿಂದ ಬರುತ್ತಿದೆ ಅಂತ ಮೂಗಿಗೇ ಗೊತ್ತಾಗುತ್ತಿತ್ತಂತೆ. ಒಂದು ಕಡೆಯಿಂದ ಬಂದರೆ ಬಿಸ್ಕೆಟ್ ವಾಸನೆ, ಇನ್ನೊಂದು ಕಡೆಯಿಂದ ಬಂದರೆ ಬಿಯರ್ ಕುದಿಸುವ ವಾಸನೆ. ಎರಡೂ ಕಾರ್ಖಾನೆ ಇದ್ದದ್ದು ಕೆನೆಟ್ ನದಿ ದಡದಲ್ಲಿ. ನಾನು ರೆಡಿಂಗ್ ಅಂದರೆ ಥೇಮ್ಸ್ ಅಂದುಕೊಂಡಿದ್ದೆ. ಅಜ್ಜಿ ನಕ್ಕು, "ಥೇಮ್ಸ್ ದೋಣಿ ಇರುವವರದ್ದು ಕಣಪ್ಪ, ನಾವು ಕೆನೆಟ್ ಮಕ್ಕಳು" ಎಂದರು.

ಇಲ್ಲಿ 70-80ರ ದಶಕದಲ್ಲಿ ಬಂದವರು, ಇಲ್ಲೇ ಶಾಲೆಗೆ ಹೋದವರು ಇದ್ದೀರಲ್ವಾ? ನಿಮಗೇನು ನೆನಪಿದೆ? ಥೇಮ್ಸ್ ದಡದ ಹೆನ್ಲಿ, ಮಾರ್ಲೋ, ವಿಂಡ್ಸರ್, ಸ್ಟೇನ್ಸ್ ಊರುಗಳ ಕಡೆಯವರೂ ಬನ್ನಿ. ಪೋಸ್ಟ್‌ಕಾರ್ಡಿನ ಹಂಸದ ಚಿತ್ರ ಬೇಡ, ನಿಜವಾದ ಕತೆ ಬೇಕು.

ಡಬ್ಬಿ ಪ್ರಿಯೆ:
ಬಿಸ್ಕೆಟ್ ಅಂದಿರಿ, ಬಂದೆ! ಹಂಟ್ಲಿ ಅಂಡ್ ಪಾಮರ್ಸ್. 1822ರಲ್ಲಿ ಜೋಸೆಫ್ ಹಂಟ್ಲಿ ಲಂಡನ್ ಸ್ಟ್ರೀಟ್‌ನಲ್ಲಿ ಸಣ್ಣ ಅಂಗಡಿ ಇಟ್ಟರು. ಎದುರಿಗೇ ಕುದುರೆ ಕೋಚುಗಳು ನಿಲ್ಲುವ ಛತ್ರ. ಪ್ರಯಾಣಿಕರಿಗೆ ಬಿಸ್ಕೆಟ್ ಮಾರಾಟ. ಗಾಡಿಯ ಕುಲುಕಾಟಕ್ಕೆ ಬಿಸ್ಕೆಟ್ ಪುಡಿಯಾಗುತ್ತದೆ, ಅದಕ್ಕೆ ತಗಡಿನ ಡಬ್ಬಿ. ಡಬ್ಬಿ ಮಾಡಿಕೊಟ್ಟದ್ದು ಅವರ ಒಬ್ಬ ಮಗ. 1841ರಲ್ಲಿ ಜಾರ್ಜ್ ಪಾಮರ್ ಪಾಲುದಾರರಾಗಿ ಬಂದ ಮೇಲೆ ಕತೆ ಬೇರೆಯೇ ಆಯಿತು. 1846ರಲ್ಲಿ ಕಿಂಗ್ಸ್ ರೋಡ್‌ನಲ್ಲಿ ಕಾರ್ಖಾನೆ. 1900ರ ಹೊತ್ತಿಗೆ ಐದು ಸಾವಿರಕ್ಕೂ ಜಾಸ್ತಿ ಜನ ಕೆಲಸಕ್ಕಿದ್ದರು. ಸ್ಕಾಟ್ ದಕ್ಷಿಣ ಧ್ರುವಕ್ಕೆ ಹೋದಾಗ ಕೊಂಡೊಯ್ದದ್ದೂ ಇವರ ಬಿಸ್ಕೆಟ್ಟೇ.

ಧಾರವಾಡದ ನಮ್ಮ ಅಜ್ಜಿ ಮನೆಯಲ್ಲಿ ಇವರದೊಂದು ಡಬ್ಬಿ ಇತ್ತು. ಒಳಗೆ ಮೆಂತ್ಯ. ಬಿಸ್ಕೆಟ್ ತಿಂದವರು ಯಾರೋ ಗೊತ್ತಿಲ್ಲ, ಮೆಂತ್ಯ ತಿಂದದ್ದು ನಾವು.

ಸುಮ್ನೆ ಬಂದೆ:
ನಮ್ಮ ಮನೆಯ ಡಬ್ಬಿಯಲ್ಲಿ ಸೂಜಿ ದಾರ. ಆಸೆಯಿಂದ ತೆಗೆದವರಿಗೆಲ್ಲ ನಿರಾಸೆ.

ಹೆನ್ಲಿ ದಾಸ:
ಅಜ್ಜಿ ಬಗ್ಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಇದು ಒಪ್ಪುವ ಮಾತಲ್ಲ. ಕೆನೆಟ್ ಬಂದು ಸೇರುವುದು ಯಾವ ನದಿಗೆ? ಥೇಮ್ಸ್‌ಗೆ. ಸೇತುವೆ, ದೋಣಿ ಏರಿಳಿಸುವ ಲಾಕ್, ಸ್ಟೀಮರ್, ರೆಗಾಟಾ ಎಂಬ ದೋಣಿ ಪಂದ್ಯ ಎಲ್ಲ ಥೇಮ್ಸ್ ಮೇಲೆ. ಸಾಲ್ಟರ್ ಕಂಪನಿಯ ಸ್ಟೀಮರ್‌ಗಳು 1888ರಿಂದ ಆಕ್ಸ್‌ಫರ್ಡ್‌ನಿಂದ ಕಿಂಗ್‌ಸ್ಟನ್‌ವರೆಗೆ ಓಡಾಡುತ್ತಿದ್ದವು, ರೆಡಿಂಗ್ ಮಕ್ಕಳು ಸಂಡೇ ಸ್ಕೂಲ್ ಪ್ರವಾಸ ಹೋಗುತ್ತಿದ್ದದ್ದು ಅದರಲ್ಲೇ. ಬಿಸ್ಕೆಟ್ ವಾಸನೆ ಬಂದ ಮಾತ್ರಕ್ಕೆ ಊರು ಕೆನೆಟ್‌ದಾಗುವುದಿಲ್ಲ.

ಇತಿಹಾಸದ ಮೇಷ್ಟ್ರು:
ದಾಸರೇ, ಮ್ಯಾಪ್ ತೆಗೆದು ನೋಡಿ. ಹಳೇ ಊರು ಪೂರ್ತಿ ಕೆನೆಟ್ ಸುತ್ತ ಇದೆ. ಥೇಮ್ಸ್ ಹತ್ತಿರ ಇದ್ದದ್ದು ಬರೀ ಹುಲ್ಲುಗಾವಲು, ಪ್ರವಾಹ ಬಂದರೆ ಮುಳುಗುವ ಜಾಗ. ಒಂದನೇ ಹೆನ್ರಿ 1121ರಲ್ಲಿ ಇಲ್ಲಿ ಅಬ್ಬೆ, ಅಂದರೆ ದೊಡ್ಡ ಕ್ರೈಸ್ತ ಮಠ, ಕಟ್ಟಿಸಿದಾಗ ಅದರ ಗಿರಣಿಗಳು ಕೆನೆಟ್ ನೀರಿನ ಮೇಲೆಯೇ ನಡೆದವು. ಆ ರಾಜ ನಾರ್ಮಂಡಿಯಲ್ಲಿ ಲ್ಯಾಂಪ್ರೇ ಎಂಬ ಹಾವಿನಂಥ ಮೀನು ಮಿತಿಮೀರಿ ತಿಂದು ಸತ್ತ ಅಂತ ಹಳೇ ಬರಹಗಾರರು ಬರೆದಿದ್ದಾರೆ. 1136ರ ಜನವರಿಯಲ್ಲಿ ಹೆಣ ತಂದು ಇಲ್ಲೇ ಹೂತರು. ಆಮೇಲೆ ಅಜ್ಜಿ ಹೇಳಿದ ಬಿಯರ್ ಕಾರ್ಖಾನೆ, ಸೈಮಂಡ್ಸ್ ಬ್ರೂವರಿ, ಬ್ರಿಜ್ ಸ್ಟ್ರೀಟ್‌ಗೆ ಬಂತು, ಅದೂ ಕೆನೆಟ್. ದುಡಿದ ನದಿ ಕೆನೆಟ್, ಮೆರೆದ ನದಿ ಥೇಮ್ಸ್. ಅಜ್ಜಿ ಸರಿಯಾಗೇ ಹೇಳಿದ್ದಾರೆ.

ಹೆನ್ಲಿ ದಾಸ:
ಹಾಗಾದರೆ 1720ರಲ್ಲಿ ರೆಡಿಂಗ್ ಜನ ಏನು ಮಾಡಿದರು ಅಂತಲೂ ಹೇಳಿಬಿಡಿ ಮೇಷ್ಟ್ರೇ. ಕೆನೆಟ್‌ನಲ್ಲಿ ನ್ಯೂಬರಿವರೆಗೆ ದೋಣಿ ಹೋಗುವ ಹಾಗೆ ಕಾಲುವೆ ಕೆಲಸ ಶುರುವಾದಾಗ ಮುನ್ನೂರು ಜನ ಗುಂಪು ಕಟ್ಟಿ ಹೋಗಿ ಕಟ್ಟಿದ್ದನ್ನು ಒಡೆದು ಹಾಕಿದರು. ಊರಿನ ಮೇಯರ್ ಕೂಡ ಜೊತೆಗಿದ್ದರು! ಅಷ್ಟೊಂದು ಪ್ರೀತಿ ನಿಮ್ಮ ಕೆನೆಟ್ ಮೇಲೆ.

ಇತಿಹಾಸದ ಮೇಷ್ಟ್ರು:
ಒಡೆದದ್ದು ಯಾಕೆ? ಅಲ್ಲಿವರೆಗೆ ಸರಕೆಲ್ಲ ರೆಡಿಂಗ್‌ನಲ್ಲೇ ಇಳಿಯಬೇಕಿತ್ತು. ದೋಣಿ ಮುಂದೆ ನ್ಯೂಬರಿಗೆ ಹೋದರೆ ಇಲ್ಲಿಯ ವ್ಯಾಪಾರಿಗಳ ಹೊಟ್ಟೆಗೆ ಹೊಡೆತ. ಅಂದರೆ ಊರಿನ ಅನ್ನ ಇದ್ದದ್ದು ಆ ನದಿಯಲ್ಲಿ ಅಂತಲೇ ಆಯಿತಲ್ಲ. ಕೊನೆಗೆ 1723ರಲ್ಲಿ ಕೆಲಸ ಮುಗಿಯಿತು. 1810ರಲ್ಲಿ ಬಾತ್ ಕಡೆಗೆ ಪೂರ್ತಿ ಕೆನೆಟ್ ಅಂಡ್ ಏವನ್ ಕಾಲುವೆ ತೆರೆಯಿತು. ಮೂವತ್ತು ವರ್ಷಕ್ಕೆ, 1840ರಲ್ಲಿ, ರೈಲು ಬಂತು. 1852ರಲ್ಲಿ ರೈಲ್ವೆ ಕಂಪನಿಯೇ ಕಾಲುವೆಯನ್ನು ಕೊಂಡುಕೊಂಡಿತು. ಸ್ಪರ್ಧಿಯನ್ನು ಕೊಂಡುಕೊಂಡವರು ಅದನ್ನು ಸಾಕುತ್ತಾರಾ? ಕಾಲುವೆ ಹೂಳು ತುಂಬಿ ಹಾಳಾಯಿತು. ಸ್ವಯಂಸೇವಕರು ದಶಕಗಟ್ಟಲೆ ಕೆಸರು ಎತ್ತಿದ ಮೇಲೆ 1990ರಲ್ಲಿ ರಾಣಿ ಬಂದು ಮತ್ತೆ ತೆರೆದರು.

ದುರ್ಗದ ಹುಡುಗಿ:
ನಾನು ಇಲ್ಲಿಗೆ ಬಂದದ್ದು ಆರು ವರ್ಷದವಳಿದ್ದಾಗ. ಅಪ್ಪ ಡಾಕ್ಟರ್, ಇಲ್ಲಿಯ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಬಂದದ್ದು ಯಾವಾಗ ಗೊತ್ತಾ? 1976ರ ಬೇಸಿಗೆ. ಹಳಬರಿಗೆ ಇಷ್ಟು ಹೇಳಿದರೆ ಸಾಕು.

ಚಿತ್ರದುರ್ಗದಲ್ಲಿ ನೀರಿಗೆ ಪರದಾಡಿ ಬಂದ ಅಮ್ಮನಿಗೆ "ಇಂಗ್ಲೆಂಡ್ ತುಂಬ ಮಳೆ, ತುಂಬ ನದಿ" ಅಂತ ಅಪ್ಪ ಹೇಳಿ ಕರೆತಂದಿದ್ದರು. ಬಂದರೆ ಇಲ್ಲಿ ಬರ! ಪಾರ್ಕಿನ ಹುಲ್ಲೆಲ್ಲ ಒಣಗಿ ಕಂದು ಬಣ್ಣ. ಥೇಮ್ಸ್ ಹುಟ್ಟುವ ಜಾಗವೇ ಒಣಗಿಹೋಗಿದೆ ಅಂತ ಟಿವಿಯಲ್ಲಿ ಸುದ್ದಿ. ಸರ್ಕಾರ ಬರಕ್ಕೇ ಅಂತ ಒಬ್ಬ ಮಂತ್ರಿಯನ್ನು ನೇಮಿಸಿತ್ತು, ಡೆನಿಸ್ ಹೋವೆಲ್. ಅವರನ್ನು ನೇಮಿಸಿದ ಕೆಲವೇ ದಿನಕ್ಕೆ ಮಳೆ ಸುರಿಯಿತು. ಅಪ್ಪ "ನಮ್ಮೂರಿಗೆ ಇಂಥ ಮಂತ್ರಿ ಒಬ್ಬ ಬೇಕು" ಎನ್ನುತ್ತಿದ್ದರು.

ನೀರು ಉಳಿಸಲು "ಗೆಳೆಯರ ಜೊತೆ ಸ್ನಾನ ಮಾಡಿ" ಅನ್ನುವ ಘೋಷಣೆ ಬೇರೆ. ಅಪ್ಪ ಅದನ್ನು ಕನ್ನಡದಲ್ಲಿ ಹೇಳಿದಾಗ ಅಮ್ಮ ವಾಪಸ್ ಟಿಕೆಟ್ ಕೇಳಿದರು.

ಅದೇ 1976ರಲ್ಲೇ ಬಿಸ್ಕೆಟ್ ತಯಾರಿಕೆ ರೆಡಿಂಗ್‌ನಲ್ಲಿ ನಿಂತಿತು. ಸಟನ್ಸ್ ಬೀಜದ ಕಂಪನಿ, 1806ರಿಂದ ಇಲ್ಲಿದ್ದದ್ದು, ಅದೂ ಅದೇ ವರ್ಷ ಟಾರ್ಕೀ ಎಂಬ ಕರಾವಳಿ ಊರಿಗೆ ಹೋಯಿತು. ಹಾಗಾಗಿ ಆ ವಾಸನೆ ನನಗೆ ಸಿಕ್ಕಿದ್ದು ಸ್ವಲ್ಪ ದಿನ ಮಾತ್ರ. ಸಿಹಿಯಾಗಿ, ಬೆಣ್ಣೆ ಕಾಯಿಸಿದ ಹಾಗೆ. ಶಾಲೆಯಲ್ಲಿ ಗೆಳತಿಯ ಅಮ್ಮ ಕಾರ್ಖಾನೆಯವರು, ಒಡೆದ ಬಿಸ್ಕೆಟ್ ಚೀಲ ಕಡಿಮೆ ಬೆಲೆಗೆ ತರುತ್ತಿದ್ದರು. ಇಡೀ ಬಿಸ್ಕೆಟ್‌ಗೆ ಆ ರುಚಿ ಇರಲಿಲ್ಲ ಅಂತ ಇವತ್ತಿಗೂ ವಾದ ಮಾಡುತ್ತೇನೆ.

ಡಬ್ಬಿ ಪ್ರಿಯೆ:
ಟಿಕೆಟ್ ಕೇಳಿದರು 😂 ಅಮ್ಮನಿಗೆ ನನ್ನ ನಮಸ್ಕಾರ.

ಅಂದ ಹಾಗೆ ರೆಡಿಂಗ್ ಫುಟ್‌ಬಾಲ್ ತಂಡಕ್ಕೆ ಹಳೇ ಹೆಸರು ಬಿಸ್ಕೆಟ್‌ಮೆನ್. ಕಾರ್ಖಾನೆ ಹೋದ ಮೇಲೆ ರಾಯಲ್ಸ್ ಆಯಿತು. ಏನೂ ಸ್ವಾದ ಇಲ್ಲದ ಹೆಸರು.

ಬೇಲಿ ಪಕ್ಕದವ:
ಅಜ್ಜಿಯ ಅಮ್ಮನೂ ಅಲ್ಲೇ ಐಸಿಂಗ್ ವಿಭಾಗದಲ್ಲಿ ಇದ್ದರಂತೆ. ಕಾರ್ಖಾನೆ ಪಕ್ಕದಲ್ಲೇ ಜೈಲು, ಅಲ್ವಾ? ಲೇಖಕ ಆಸ್ಕರ್ ವೈಲ್ಡ್ ಇದ್ದ ಜೈಲು.

ಇತಿಹಾಸದ ಮೇಷ್ಟ್ರು:
ಹೌದು, 1895ರಿಂದ 1897ರವರೆಗೆ. ಆಗ ಕಾರ್ಖಾನೆ ಜೋರಾಗಿ ನಡೆಯುತ್ತಿತ್ತು. ಜೈಲಿನ ಗಂಜಿ ಕುಡಿಯುವವನ ಮೂಗಿಗೆ ದಿನವೂ ಬಿಸ್ಕೆಟ್ ವಾಸನೆ ಬಂದಿರಲೇಬೇಕು. ಅದೊಂದು ಬೇರೆಯೇ ಶಿಕ್ಷೆ. 2021ರಲ್ಲಿ ಅದೇ ಜೈಲಿನ ಗೋಡೆ ಮೇಲೆ ಬ್ಯಾಂಕ್ಸಿ ಎಂಬ ಗೋಡೆ ಚಿತ್ರಕಾರ ರಾತ್ರೋರಾತ್ರಿ ಚಿತ್ರ ಬಿಡಿಸಿ ಹೋದರು. ಬೆಡ್‌ಶೀಟ್ ಗಂಟು ಹಾಕಿಕೊಂಡು ಇಳಿಯುತ್ತಿರುವ ಕೈದಿ, ತುದಿಯಲ್ಲಿ ಟೈಪ್‌ರೈಟರ್.

ಮಾರ್ಲೋ ಮಗಳು:
ರೆಡಿಂಗ್‌ನವರೇ ಮಾತಾಡುತ್ತೀರಲ್ಲ, ಸ್ವಲ್ಪ ಜಾಗ ಬಿಡಿ. ನಾನು ಮಾರ್ಲೋದಲ್ಲಿ ಬೆಳೆದವಳು. ನಮ್ಮ ತೂಗುಸೇತುವೆ 1832ರದ್ದು. ಕಟ್ಟಿದವರು ವಿಲಿಯಂ ಟಿಯರ್ನಿ ಕ್ಲಾರ್ಕ್. ಬುಡಾಪೆಸ್ಟ್‌ನ ಚೈನ್ ಬ್ರಿಜ್ ವಿನ್ಯಾಸವೂ ಅವರದ್ದೇ. ಮಾರ್ಲೋದವರಿಗೆ ಇದನ್ನು ಹೇಳದೆ ಊಟ ಸೇರುವುದಿಲ್ಲ.

ನಮ್ಮ ಕಡೆಯ ಹಳೇ ತಮಾಷೆ ಕೇಳಿ. ಹಿಂದಿನ ಕಾಲದಲ್ಲಿ ಸರಕು ದೋಣಿಯವರು ದಡದ ಹೋಟೆಲ್‌ಗಳಲ್ಲಿ ಊಟ ಕದಿಯುತ್ತಿದ್ದರಂತೆ. ಒಬ್ಬ ಹೋಟೆಲಿನವನಿಗೆ ಸುಳಿವು ಸಿಕ್ಕಿತು. ಅವನು ಸತ್ತ ನಾಯಿಮರಿಗಳನ್ನು ಹಾಕಿ ಪೈ ಮಾಡಿ ಅಡುಗೆಮನೆಯಲ್ಲಿ ಕಾಣುವ ಹಾಗೆ ಇಟ್ಟ. ದೋಣಿಯವರು ಕದ್ದು, ಸೇತುವೆ ಕೆಳಗೆ ಕೂತು ಚಪ್ಪರಿಸಿ ತಿಂದರು. ಅಂದಿನಿಂದ ಥೇಮ್ಸ್ ಉದ್ದಕ್ಕೂ ಹುಡುಗರು ದೋಣಿಯವರನ್ನು ಕಂಡರೆ "ಮಾರ್ಲೋ ಸೇತುವೆ ಕೆಳಗೆ ನಾಯಿಮರಿ ಪೈ ತಿಂದವರು ಯಾರು?" ಅಂತ ಕೂಗಿ ಓಡುತ್ತಿದ್ದರಂತೆ. ನಮ್ಮ ಕಾಲಕ್ಕೆ ಸರಕು ದೋಣಿ ಇರಲಿಲ್ಲ. ನಾವು ಪ್ರವಾಸಿಗರಿಗೆ ಕೂಗುತ್ತಿದ್ದೆವು. ಅವರಿಗೆ ಅರ್ಥವಾಗದೆ ಕೈ ಬೀಸುತ್ತಿದ್ದರು.

ಸುಮ್ನೆ ಬಂದೆ:
ಊಟ ಮಾಡುತ್ತಾ ಓದುತ್ತಿದ್ದೆ. ತಟ್ಟೆ ಪಕ್ಕಕ್ಕಿಟ್ಟೆ.

ಹೆನ್ಲಿ ದಾಸ:
ಆ ಸೇತುವೆಗೆ ಮೂರು ಟನ್ ಮಿತಿ. 2016ರಲ್ಲಿ 37 ಟನ್ನಿನ ಲಾರಿ ಒಂದು ಅದರ ಮೇಲೆ ಹತ್ತಿತು! ಎರಡು ತಿಂಗಳು ಸೇತುವೆ ಬಂದ್. ಆದರೂ ಬೀಳಲಿಲ್ಲ. 1832ರ ಕೆಲಸ ನೋಡಿ.

ಸ್ಟೇನ್ಸ್ ಸೀನ:
ವಾಸನೆ ವಿಷಯಕ್ಕೆ ಬಂದರೆ ನಮ್ಮ ಸ್ಟೇನ್ಸ್ ಯಾಕೆ ಬಿಡಬೇಕು? ನೆಲಕ್ಕೆ ಹಾಸುವ ಲಿನೋಲಿಯಂ ಕಂಡುಹಿಡಿದ ಫ್ರೆಡರಿಕ್ ವಾಲ್ಟನ್ ಕಾರ್ಖಾನೆ ಹಾಕಿದ್ದು ನಮ್ಮೂರಲ್ಲಿ, 1864ರಲ್ಲಿ. ಅಗಸೆ ಎಣ್ಣೆಯ ವಾಸನೆ ಊರೆಲ್ಲ. ರೆಡಿಂಗ್‌ನವರಿಗೆ ಬಿಸ್ಕೆಟ್, ನಮಗೆ ಎಣ್ಣೆ. ಹಣೆಬರಹ. ಈಗ ಆ ಜಾಗದಲ್ಲಿ ಶಾಪಿಂಗ್ ಸೆಂಟರ್.

2012ರಲ್ಲಿ ಊರಿನ ಹೆಸರಿಗೆ "ಅಪಾನ್ ಥೇಮ್ಸ್" ಅಂತ ಬಾಲ ಸೇರಿಸಿದರು. ಟಿವಿ ಕಾಮಿಡಿಯೊಂದರಿಂದ ಊರಿನ ಮಾನ ಹೋಗಿತ್ತು, ನದಿ ಹೆಸರು ಸೇರಿಸಿದರೆ ಘನತೆ ಬರುತ್ತದೆ ಅಂತ. ನಾವೆಲ್ಲ ಇನ್ನೂ ಸ್ಟೇನ್ಸ್ ಅಂತಲೇ ಅನ್ನುತ್ತೇವೆ.

ಇತಿಹಾಸದ ಮೇಷ್ಟ್ರು:
ನೋಡಿ ದಾಸರೇ, ಘನತೆ ಬೇಕಾದಾಗ ಮಾತ್ರ ಥೇಮ್ಸ್ ನೆನಪಾಗುತ್ತದೆ. ನನ್ನ ವಾದಕ್ಕೆ ಸೀನ ಅವರೇ ಸಾಕ್ಷಿ.

ಬೇಲಿ ಪಕ್ಕದವ:
ಇವತ್ತು ಅಜ್ಜಿಗೆ ಈ ಚರ್ಚೆಯನ್ನೆಲ್ಲ ಹೇಳಿದೆ. ತುಂಬ ಖುಷಿಪಟ್ಟರು. 1947ರ ಪ್ರವಾಹದ ಕತೆ ಹೇಳಿದರು, ಆಗ ಅವರಿಗೆ ಐದು ವರ್ಷ. ಆ ಚಳಿಗಾಲ ಪೂರ್ತಿ ಹಿಮ. ಮಾರ್ಚ್‌ನಲ್ಲಿ ಒಮ್ಮೆಲೇ ಹಿಮ ಕರಗಿತು, ಮೇಲೆ ಮಳೆ ಬೇರೆ. ನೆಲ ಇನ್ನೂ ಹೆಪ್ಪುಗಟ್ಟಿದ್ದರಿಂದ ನೀರು ಇಂಗಲಿಲ್ಲ. ಲೋವರ್ ಕ್ಯಾವರ್‌ಶಮ್‌ನ ಬೀದಿಗಳೆಲ್ಲ ನೀರು. ಇವರೆಲ್ಲ ಮಹಡಿಯಲ್ಲಿ, ಬ್ರೆಡ್ಡು ಹಾಲು ದೋಣಿಯಲ್ಲಿ ಬಂದು ಕಿಟಕಿಯಿಂದ ಒಳಗೆ. ದೊಡ್ಡವರಿಗೆ ಸಂಕಟ, ಇವರಿಗೆ ಹಬ್ಬ. ಶಾಲೆ ಇಲ್ಲ ನೋಡಿ.

ಯುದ್ಧ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ರೇಷನ್ ಇನ್ನೂ ಇತ್ತು. ಕಾರ್ಪೆಟ್ ಹೋಯಿತು, ಅಜ್ಜನ ಪಿಯಾನೋ ಹೋಯಿತು. ಹೊಸದು ಕೊಳ್ಳಲು ಕೂಪನ್ ಎಲ್ಲಿದೆ?

ಹೆನ್ಲಿ ದಾಸ:
ಅಲ್ಲಿಗೆ ಬಂದದ್ದು ಥೇಮ್ಸ್ ನೀರು ಅನ್ನುವುದು ಗಮನಕ್ಕಿರಲಿ.

ದುರ್ಗದ ಹುಡುಗಿ:
ಮುಳುಗಿಸಿದ್ದನ್ನೂ ಹೆಮ್ಮೆಯ ಪಟ್ಟಿಗೆ ಸೇರಿಸುತ್ತೀರಾ? 🤦‍♀️

ಡ್ಯಾಚೆಟ್ ವಾಸಿ:
ಪ್ರವಾಹ ಅಂದಿರಿ, ನನ್ನ ಗಾಯಕ್ಕೆ ಉಪ್ಪು. ಮೇಡನ್‌ಹೆಡ್, ವಿಂಡ್ಸರ್, ಈಟನ್ ಮುಳುಗಬಾರದು ಅಂತ ಜುಬಿಲಿ ರಿವರ್ ಎಂಬ ಕೃತಕ ನದಿ ತೋಡಿದರು, ಹನ್ನೊಂದೂವರೆ ಕಿಲೋಮೀಟರಿಗೂ ಜಾಸ್ತಿ ಉದ್ದ. 2002ರಲ್ಲಿ ತೆರೆಯಿತು. ಅದು ಮತ್ತೆ ಥೇಮ್ಸ್ ಸೇರುವುದು ನಮ್ಮೂರ ಹತ್ತಿರ. 2003ರ ಜನವರಿಯಲ್ಲಿ ಡ್ಯಾಚೆಟ್, ರೇಸ್‌ಬರಿ ಕಡೆ ಮನೆಗಳಿಗೆ ನೀರು ನುಗ್ಗಿತು. ಮೇಲಿನವರನ್ನು ಉಳಿಸಿ ಕೆಳಗಿನವರ ಮೇಲೆ ಸುರಿದರು ಅಂತ ಇಲ್ಲಿಯ ಜನರ ಸಿಟ್ಟು. 2014ರಲ್ಲಿ ಮತ್ತೆ. ನಮ್ಮ ಮನೆ ಮುಂದೆ ಮರಳಿನ ಚೀಲ ಜೋಡಿಸಲು ಸೈನಿಕರು ಬಂದಿದ್ದರು. ಇನ್ಶೂರೆನ್ಸ್‌ನವರ ಜೊತೆ ಜಗಳ ಆಡಿದ್ದನ್ನು ಬರೆದರೆ ಇನ್ನೊಂದು ಚರ್ಚೆ ಆಗುತ್ತದೆ, ಬಿಡಿ.

ತುಂಗಾ ತೀರ:
ನಾನು ತೀರ್ಥಹಳ್ಳಿಯವ, ನದಿಯಲ್ಲೇ ಈಜು ಕಲಿತವ. ಇಲ್ಲಿಗೆ ಬಂದ ಮೇಲೆ ನನ್ನ ಮಗನಿಗೆ ಈಜು ಅಂದರೆ ಕ್ಲೋರಿನ್ ವಾಸನೆಯ ಕೊಳ ಮಾತ್ರ. ಇಲ್ಲಿಯವರು ಹಿಂದೆ ಥೇಮ್ಸ್‌ನಲ್ಲಿ ಈಜುತ್ತಿರಲಿಲ್ಲವಾ?

ಬೇಲಿ ಪಕ್ಕದವ:
ಈಜುತ್ತಿದ್ದರು! ಅಜ್ಜಿ ಕಲಿತದ್ದು ಥೇಮ್ಸ್ ದಡದ ಕಿಂಗ್ಸ್ ಮೆಡೋದ ಹೆಂಗಸರ ಈಜುಕೊಳದಲ್ಲಿ. ಶುರುವಿನಲ್ಲಿ ಅದಕ್ಕೆ ನದಿ ನೀರೇ ತುಂಬುತ್ತಿದ್ದದ್ದು. ನೀರು ಎಷ್ಟು ತಣ್ಣಗೆ ಅಂದರೆ ಈಜು ಕಲಿಸುವ ಟೀಚರಮ್ಮ ಕೋಟು ಹಾಕಿಕೊಂಡು ದಡದಲ್ಲಿ ನಿಂತು "ಇಳಿ" ಅನ್ನುತ್ತಿದ್ದರಂತೆ. 1974ರಲ್ಲಿ ಮುಚ್ಚಿ ಪಾಳು ಬಿತ್ತು. ಊರವರು ಹೋರಾಡಿ ಉಳಿಸಿಕೊಂಡರು. 2017ರಲ್ಲಿ ಥೇಮ್ಸ್ ಲೀಡೋ ಅಂತ ತೆರೆಯಿತು, ಈಗ ಬಿಸಿ ನೀರು, ಪಕ್ಕದಲ್ಲಿ ರೆಸ್ಟೋರೆಂಟ್. ಟಿಕೆಟ್ ಬೆಲೆ ಕೇಳಿ ಅಜ್ಜಿ, "ಅಷ್ಟು ದುಡ್ಡಿಗೆ ನಮ್ಮ ಬೀದಿ ಮಕ್ಕಳೆಲ್ಲ ಒಂದು ಬೇಸಿಗೆ ಪೂರ್ತಿ ಈಜುತ್ತಿದ್ದರು" ಎಂದರು.

ತುಂಗಾ ತೀರ:
ಈಗ ನದಿಗೆ ಇಳಿಯಬಹುದಾ?

ಮಾರ್ಲೋ ಮಗಳು:
ಜನ ಇಳಿಯುತ್ತಾರೆ. ನಾನು ಇಳಿಯುವುದಿಲ್ಲ. ಆಕ್ಸ್‌ಫರ್ಡ್‌ನ ಪೋರ್ಟ್ ಮೆಡೋ ಹತ್ತಿರದ ಜಾಗವನ್ನು 2022ರಲ್ಲಿ, ವಾಲಿಂಗ್‌ಫರ್ಡ್ ದಡವನ್ನು 2024ರಲ್ಲಿ ಸ್ನಾನದ ನೀರು ಅಂತ ಘೋಷಿಸಿದರು. ಘೋಷಣೆ ಆಯಿತು ಅಂದರೆ ನೀರಿನ ಪರೀಕ್ಷೆ ಮಾಡುತ್ತಾರೆ ಅಂತಷ್ಟೇ, ನೀರು ಚೊಕ್ಕ ಅಂತಲ್ಲ. ಜೋರು ಮಳೆ ಬಂದರೆ ಚರಂಡಿ ನೀರು ನೇರ ನದಿಗೆ. 2024ರ ಆಕ್ಸ್‌ಫರ್ಡ್-ಕೇಂಬ್ರಿಜ್ ಬೋಟ್ ರೇಸ್‌ನಲ್ಲಿ ಗೆದ್ದವರು ಚುಕ್ಕಾಣಿಯವನನ್ನು ನೀರಿಗೆ ಎಸೆಯುವ ಸಂಪ್ರದಾಯವನ್ನೇ ಬಿಡಬೇಕಾಯಿತು.

ಸುಮ್ನೆ ಬಂದೆ:
ಚುಕ್ಕಾಣಿಯವನಿಗೆ ಲಾಭ.

ವಿಂಡ್ಸರ್ ವಿಮಲ:
ನಮ್ಮ ನಾಡಿನ ನಂಟು ಯಾರೂ ಹೇಳಲಿಲ್ಲವಲ್ಲ! ಟಿಪ್ಪು ಸಿಂಹಾಸನದ ಚಿನ್ನದ ಹುಲಿ ತಲೆ, ಮೇಲೆ ಕೂರಿಸಿದ್ದ ಹುಮಾ ಹಕ್ಕಿ, ಎರಡೂ 1799ರ ನಂತರ ಇಲ್ಲಿಗೆ ಬಂದು ರಾಜಮನೆತನದ ಸಂಗ್ರಹ ಸೇರಿದವು. ವಿಂಡ್ಸರ್ ಅರಮನೆಯಲ್ಲಿ ನೋಡಿದ್ದೇನೆ. ಅಪ್ಪ ಊರಿಂದ ಬಂದಾಗ ಕರೆದುಕೊಂಡು ಹೋದೆ. ಗಾಜಿನ ಮುಂದೆ ನಿಂತು ಜೋರಾಗಿ "ಇದು ನಮ್ಮದು" ಅಂದುಬಿಟ್ಟರು. ಕಾವಲುಗಾರ ನಗುತ್ತಾ ತಲೆ ಆಡಿಸಿದ. ದಿನಾ ಕೇಳುತ್ತಾನೋ ಏನೋ.

ಇತಿಹಾಸದ ಮೇಷ್ಟ್ರು:
ಇನ್ನೊಂದು ಇದೆ. ರೆಡಿಂಗ್‌ಗೆ ದಕ್ಷಿಣದಲ್ಲಿ ಲಾಡನ್ ನದಿ ಪಕ್ಕ ಸ್ಟ್ರಾಟ್‌ಫೀಲ್ಡ್ ಸೇ. 1817ರಿಂದ ಅದು ಡ್ಯೂಕ್ ಆಫ್ ವೆಲಿಂಗ್ಟನ್ ಎಸ್ಟೇಟ್. ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿದ್ದ ಆರ್ಥರ್ ವೆಲ್ಲೆಸ್ಲಿ ಅವರೇ. 1800ರಲ್ಲಿ, ಬ್ರಿಟಿಷರ ವಿರುದ್ಧ ದಂಡು ಕಟ್ಟಿದ್ದ ಚನ್ನಗಿರಿಯ ಧೋಂಡಿಯ ವಾಘನನ್ನು ಬೆನ್ನಟ್ಟಿ ಕೊಂದದ್ದೂ ಅವರ ಸೈನ್ಯ. ಆ ದಿನ ಸಾಮಾನಿನ ಮಧ್ಯೆ ಧೋಂಡಿಯನ ಪುಟ್ಟ ಮಗ ಸಲಾಬತ್ ಖಾನ್ ಸಿಕ್ಕಿದ. ವೆಲ್ಲೆಸ್ಲಿ ಅವನನ್ನು ತಾವೇ ನೋಡಿಕೊಂಡರು, ಭಾರತ ಬಿಡುವಾಗ ಅವನ ಖರ್ಚಿಗೆ ಹಣ ಇಟ್ಟು ಬಂದರು. ಚನ್ನಗಿರಿಯ ಕತೆಯ ಎಳೆ ಲಾಡನ್ ದಡಕ್ಕೆ ಬಂದು ಮುಟ್ಟುತ್ತದೆ.

ಹೆನ್ಲಿ ದಾಸ:
ಅಪ್ಪನನ್ನು ಕೊಂದು ಮಗನಿಗೆ ಹಣ. ದೊಡ್ಡ ಮನಸ್ಸು.

ಸ್ಟೇನ್ಸ್ ಸೀನ:
ವಿಷಯ ಎಲ್ಲಿಂದ ಎಲ್ಲಿಗೆ ಹೋಯಿತು! ರೆಡಿಂಗ್‌ನ ಫೋರ್ಬರಿ ಗಾರ್ಡನ್‌ನ ದೊಡ್ಡ ಸಿಂಹದ ಪ್ರತಿಮೆ ಬಗ್ಗೆ ಹೇಳಿ ಯಾರಾದರೂ. ಕಾಲು ತಪ್ಪಾಗಿ ಮಾಡಿದೆ ಅಂತ ಗೊತ್ತಾಗಿ ಶಿಲ್ಪಿ ಆತ್ಮಹತ್ಯೆ ಮಾಡಿಕೊಂಡರಂತಲ್ಲ?

ದುರ್ಗದ ಹುಡುಗಿ:
ನಮ್ಮ ಶಾಲೆಯಲ್ಲೂ ಇದೇ ಕತೆ ಹೇಳುತ್ತಿದ್ದರು. ಬರೀ ಸುಳ್ಳು. ಶಿಲ್ಪಿ ಜಾರ್ಜ್ ಬ್ಲಾಕಲ್ ಸೈಮಂಡ್ಸ್, ಅದೇ ಬಿಯರ್ ಮನೆತನದವರು. ಪ್ರತಿಮೆ ನಿಂತದ್ದು 1886ರಲ್ಲಿ, ಅವರು ತೀರಿಕೊಂಡದ್ದು 1929ರಲ್ಲಿ. ಅದು ನಿಲ್ಲಿಸಿದ್ದು 1880ರಲ್ಲಿ ಅಫ್ಘಾನಿಸ್ತಾನದ ಮೈವಾಂದ್‌ನಲ್ಲಿ ಸತ್ತ ಬರ್ಕ್‌ಶೈರ್ ಸೈನಿಕರ ನೆನಪಿಗೆ.

ಇನ್ನೊಂದು ನೆನಪು. ಕ್ಯಾವರ್‌ಶಮ್ ಪಾರ್ಕ್ ಬಂಗಲೆಯಲ್ಲಿ ಬಿಬಿಸಿಯ ಮಾನಿಟರಿಂಗ್ ವಿಭಾಗ ಇತ್ತು, 1943ರಿಂದ 2018ರವರೆಗೆ. ದೇಶದೇಶಗಳ ರೇಡಿಯೋ ಕೇಳಿ ಬರೆದುಕೊಳ್ಳುವ ಕೆಲಸ. ಹಾಗಾಗಿ ನಮ್ಮ ತರಗತಿಯಲ್ಲಿ ರಷ್ಯನ್, ಪೋಲಿಷ್ ಮಾತಾಡುವ ಮನೆಯ ಮಕ್ಕಳಿದ್ದರು. ಕನ್ನಡ ಮಾತಾಡುವ ನಾನು ಅಲ್ಲಿ ಅಷ್ಟೇನೂ ವಿಚಿತ್ರ ಅನ್ನಿಸಲಿಲ್ಲ. ಒಬ್ಬ ಹುಡುಗ "ನಿಮ್ಮಪ್ಪ ಯಾವ ರೇಡಿಯೋ ಕೇಳುತ್ತಾರೆ?" ಅಂತ ಕೇಳಿದ್ದ. ಅಪ್ಪ ಕೇಳುತ್ತಿದ್ದದ್ದು ಕ್ರಿಕೆಟ್ ಕಾಮೆಂಟರಿ.

ಬೇಲಿ ಪಕ್ಕದವ:
ಇದು ಚೆನ್ನಾಗಿದೆ! ಅಂದ ಹಾಗೆ ಅಜ್ಜಿ ಇನ್ನೊಂದು ಬಾಂಬ್ ಹಾಕಿದರು. ಕ್ಯಾವರ್‌ಶಮ್ ರೆಡಿಂಗ್‌ಗೆ ಸೇರಿದ್ದೇ 1911ರಲ್ಲಂತೆ, ಅದಕ್ಕೆ ಮುಂಚೆ ಪಕ್ಕದ ಆಕ್ಸ್‌ಫರ್ಡ್‌ಶೈರ್ ಜಿಲ್ಲೆ. "ನೀನು ಇರುವುದು ರೆಡಿಂಗ್‌ನಲ್ಲೇ ಅಲ್ಲ" ಎಂದರು. ಹಾಗಾದರೆ ಥೇಮ್ಸ್ ನಮ್ಮದು, ಕೆನೆಟ್ ಅವರದ್ದು ಅಂತ ಮುಗಿಸೋಣವಾ?

ಹೆನ್ಲಿ ದಾಸ:
ಒಪ್ಪಿದೆ. ಥೇಮ್ಸ್ ನಮಗಿರಲಿ.

ಇತಿಹಾಸದ ಮೇಷ್ಟ್ರು:
ನಾನು ಒಪ್ಪುವುದಿಲ್ಲ. ಊರ ಮಧ್ಯೆ ದೋಣಿಗೆ ಟ್ರಾಫಿಕ್ ಸಿಗ್ನಲ್ ಇರುವ ನದಿ ಯಾವುದು? ಕೆನೆಟ್. ಓರಕಲ್ ಮಾಲ್ ಪಕ್ಕ ನದಿ ಕಿರಿದು, ತಿರುವು ಜಾಸ್ತಿ, ಎದುರು ದೋಣಿ ಕಾಣುವುದಿಲ್ಲ. ದೋಣಿಯವರು ಬಟನ್ ಒತ್ತಿ ಹಸಿರು ದೀಪಕ್ಕೆ ಕಾಯಬೇಕು. ಅಷ್ಟು ಒಳಗೆ ಹೊಕ್ಕ ನದಿ ಊರಿನದ್ದಲ್ಲ ಅಂದರೆ ಹೇಗೆ?

ಡಬ್ಬಿ ಪ್ರಿಯೆ:
ನೀವಿಬ್ಬರೂ ಹೀಗೇ ನಡೆಸಿ. ಶನಿವಾರ ಮಕ್ಕಳನ್ನು ರೆಡಿಂಗ್ ಮ್ಯೂಸಿಯಂಗೆ ಕರೆದೊಯ್ಯುವ ಯೋಚನೆ ಇದೆ, ಹಳೇ ಬಿಸ್ಕೆಟ್ ಡಬ್ಬಿಗಳ ಗ್ಯಾಲರಿ ಇದೆಯಂತೆ. ಹೋದವರು ಇದ್ದೀರಾ?

ದುರ್ಗದ ಹುಡುಗಿ:
ಹೋಗಿ, ಪ್ರವೇಶ ಉಚಿತ. ಡಬ್ಬಿಗಳು ಪುಸ್ತಕದ ಆಕಾರ, ಗಾಡಿ ಆಕಾರ, ಏನೇನೋ ಇವೆ. ಜೊತೆಗೆ ಬೇಯೋ ಟೇಪೆಸ್ಟ್ರಿ ಎಂಬ ಹಳೇ ಕಾಲದ ಉದ್ದನೆಯ ಕಸೂತಿ ಪಟದ ಪೂರ್ತಿ ನಕಲು ಇದೆ, 1880ರ ದಶಕದಲ್ಲಿ ಸ್ಟಾಫರ್ಡ್‌ಶೈರ್‌ನ ಲೀಕ್ ಊರಿನ ಹೆಂಗಸರು ಕಸೂತಿ ಹಾಕಿದ್ದು. ಮೂಲದಲ್ಲಿ ಬೆತ್ತಲೆ ಇರುವವನಿಗೆ ಇಲ್ಲಿ ಚಡ್ಡಿ ಇದೆ. ಮಕ್ಕಳಿಗೆ ಹುಡುಕಲು ಹೇಳಿ, ಒಂದು ಗಂಟೆ ನಿಮಗೆ ಬಿಡುವು.

ಸುಮ್ನೆ ಬಂದೆ:
ನಾನೂ ಬರುತ್ತೇನೆ. ಬೇಲಿ ಪಕ್ಕದವರೇ, ಅಜ್ಜಿಯನ್ನೂ ಕರೆತನ್ನಿ. ಚಹಾ ಖರ್ಚು ದಾಸರದ್ದು, ಥೇಮ್ಸ್ ಅವರದ್ದೇ ತಾನೆ.